ವೈರಿನ ಮೌಸ್ ಅಡ್ಡಾದಿಡ್ಡಿ ಓಡುವಾಗ

ಪರದೆಯ ಮೇಲಿನ ಬಾಣದ ಗುರುತು ಕೈ ಹೋದತ್ತ ಹೋಗದೆ ಮೂಲೆಗೆ ನೆಗೆಯುವುದು, ಮೌಸನ್ನು ಮುಟ್ಟದಿದ್ದರೂ ನಿಂತಲ್ಲೇ ನಡುಗುವುದು, ಇಲ್ಲವೇ ಸ್ವಲ್ಪ ದೂರ ಸರಿದು ತಟಸ್ಥವಾಗುವುದು, ಇವೆಲ್ಲ ವೈರಿನ ಮೌಸ್ ಬಳಸುವವರು ಒಂದಲ್ಲ ಒಂದು ದಿನ ಕಾಣುವ ತೊಂದರೆಗಳು. ಮೌಸ್ ಕೆಟ್ಟೇಹೋಯಿತೆಂದು ಹೊಸದನ್ನು ತರಲು ಹೊರಡುವ ಮೊದಲು ಹತ್ತು ನಿಮಿಷ ತಾಳ್ಮೆಯಿಂದ ಕುಳಿತು ಪರೀಕ್ಷಿಸಬೇಕೆಂದು ನಾನು ಎಲ್ಲರಿಗೂ ಹೇಳುತ್ತೇನೆ, ಏಕೆಂದರೆ ನಾನು ಹಲವು ವರ್ಷಗಳಿಂದ ಸರಿಪಡಿಸಿರುವ ಮೌಸುಗಳಲ್ಲಿ ಹೆಚ್ಚಿನವುಗಳ ದೋಷ ಅವು ಕುಳಿತ ಜಾಗದಲ್ಲಿ ಅಥವಾ ಅವುಗಳ ಹೊಟ್ಟೆಯಡಿಯ ಸಣ್ಣ ರಂಧ್ರದಲ್ಲಿ ಇತ್ತು.

ಆ ರಂಧ್ರವೇ ಮೌಸಿನ ಕಣ್ಣು. ಅಲ್ಲಿಂದ ಬೀಳುವ ಬೆಳಕಿನಲ್ಲಿ ಒಂದು ಪುಟ್ಟ ಸೆನ್ಸರ್ ಸೆಕೆಂಡಿಗೆ ಸಾವಿರಕ್ಕೂ ಹೆಚ್ಚು ಬಾರಿ ಮೇಜಿನ ಚಿತ್ರ ತೆಗೆದು, ಪ್ರತಿ ಚಿತ್ರವನ್ನೂ ಹಿಂದಿನದರೊಂದಿಗೆ ಹೋಲಿಸಿ, ಮೌಸ್ ಎತ್ತ ಎಷ್ಟು ಸರಿಯಿತೆಂದು ಲೆಕ್ಕ ಹಾಕುತ್ತದೆ. ಹಾಗೆ ಹೋಲಿಸಲು ಮೇಲ್ಮೈಯಲ್ಲಿ ಕಣ್ಣಿಗೆ ಕಾಣದಷ್ಟಾದರೂ ಒರಟು ಇರಬೇಕು. ಗಾಜು, ಕನ್ನಡಿ, ಹೊಳಪು ಬಳಿದ ಮರ ಇಂಥವುಗಳ ಮೇಲೆ ಅದಕ್ಕೆ ಹಿಡಿತ ಸಿಗದೆ ಬಾಣ ದಿಕ್ಕುತಪ್ಪುತ್ತದೆ. ಆದ್ದರಿಂದ ಮೊದಲ ಪರೀಕ್ಷೆಗೆ ಒಂದು ಬಿಳಿ ಹಾಳೆ ಸಾಕು. ಹಾಳೆಯ ಮೇಲೆ ಮೌಸ್ ಸರಿಯಾಗಿ ಓಡಿದರೆ ದೋಷ ಮೇಜಿನದು, ಬಟ್ಟೆಯ ಮೌಸ್ ಪ್ಯಾಡ್ ಒಂದನ್ನು ಹಾಸಿಕೊಂಡರೆ ಮುಗಿಯಿತು. ಕೆಲವು ಮೌಸುಗಳ ಬೆಳಕು ನಮ್ಮ ಕಣ್ಣಿಗೆ ಕಾಣುವುದೇ ಇಲ್ಲ, ಹಾಗಾಗಿ ಕೆಂಪು ಬೆಳಕು ಕಾಣಲಿಲ್ಲವೆಂದ ಮಾತ್ರಕ್ಕೆ ಮೌಸ್ ಸತ್ತಿದೆಯೆಂದು ತಿಳಿಯಬೇಡಿ.

ಹಾಳೆಯ ಮೇಲೂ ಬಾಣ ನಡುಗುತ್ತಿದ್ದರೆ ಮೌಸಿನ ಪ್ಲಗ್ಗನ್ನು ಕಂಪ್ಯೂಟರಿನಿಂದ ಕಿತ್ತು, ಮೌಸನ್ನು ಮಗುಚಿ, ಟಾರ್ಚ್ ಬೆಳಕಿನಲ್ಲಿ ಆ ರಂಧ್ರವನ್ನು ಓರೆಯಾಗಿ ನೋಡಿ. ಒಮ್ಮೆ ನನ್ನ ಮೌಸ್ ಎರಡು ದಿನ ಕಾಡಿದಾಗ ನಾನು ಅಲ್ಲಿ ಕಂಡದ್ದು ರೆಪ್ಪೆಗೂದಲಿನಷ್ಟು ಉದ್ದದ ಒಂದೇ ಒಂದು ಕೂದಲು. ಅದರ ಒಂದು ತುದಿ ಅಂಚಿಗೆ ಸಿಕ್ಕಿಕೊಂಡು, ಇನ್ನೊಂದು ತುದಿ ಲೆನ್ಸಿನ ಮುಂದೆ ಗಾಳಿಗೆ ಅಲುಗಾಡುತ್ತಿತ್ತು, ಆ ಅಲುಗಾಟವನ್ನೇ ಸೆನ್ಸರ್ ಮೌಸಿನ ಚಲನೆಯೆಂದು ಎಣಿಸುತ್ತಿತ್ತು. ಇಂಥ ಕಸವನ್ನು ಒಣಗಿದ ಹತ್ತಿಕಡ್ಡಿಯಿಂದ ಮೆಲ್ಲನೆ ತೆಗೆಯಬೇಕು. ಜಿಡ್ಡು ಹಿಡಿದಿದ್ದರೆ ಕಡ್ಡಿಯ ತುದಿಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಸ್ವಲ್ಪವೇ ಸೋಕಿಸಿ ಒರೆಸಿ, ಪೂರ್ತಿ ಆರಿದ ಮೇಲೆಯೇ ಪ್ಲಗ್ ಹಾಕಿ. ಪಿನ್ನು, ಸೂಜಿಗಳಿಂದ ಕೆದಕಿದರೆ ಲೆನ್ಸಿನ ಮೇಲೆ ಗೀರು ಬೀಳುತ್ತದೆ. ಬಾಯಿಂದ ಊದಿದರೆ ಉಗುಳಿನ ಹನಿ ಸೇರುತ್ತದೆ. ಕೆಳಗಿನ ನುಣುಪಾದ ಪಾದಗಳ ಸುತ್ತ ಕಟ್ಟಿಕೊಂಡ ಕೊಳೆಯನ್ನೂ ಉಗುರಿನಿಂದ ಬಿಡಿಸಿ, ಏಕೆಂದರೆ ಮೌಸ್ ಒಂದೆರಡು ಮಿಲಿಮೀಟರ್ ಮೇಲೆದ್ದರೂ ಸೆನ್ಸರಿಗೆ ಮೇಜು ಮಸುಕಾಗುತ್ತದೆ. ಒಳಗೆ ಉಂಡೆಯಿರುವ ಹಳೆಯ ಮೌಸ್ ಆಗಿದ್ದರೆ, ಉಂಡೆ ತೆಗೆದು ಒಳಗಿನ ಉರುಳೆಗಳಿಗೆ ಸುತ್ತಿಕೊಂಡ ಕೊಳೆಯ ಪಟ್ಟಿಯನ್ನು ಬಿಡಿಸಿದರೆ ಸಾಕು.

ಇನ್ನು ವೈರು. ಯುಎಸ್‌ಬಿ ಮೌಸಿನ ವೈರಿನೊಳಗೆ ಸಾಮಾನ್ಯವಾಗಿ ನಾಲ್ಕು ತಂತಿಗಳಿರುತ್ತವೆ, ಎರಡು ವಿದ್ಯುತ್ತಿಗೆ, ಎರಡು ಮಾಹಿತಿಗೆ. ಇವು ಹೆಚ್ಚಾಗಿ ತುಂಡಾಗುವುದು ವೈರು ಮೌಸಿನೊಳಗೆ ಹೊಕ್ಕುವ ಕುತ್ತಿಗೆಯ ಬಳಿ. ಮೌಸನ್ನು ಅಲುಗಾಡದಂತೆ ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯಿಂದ ಆ ಕುತ್ತಿಗೆಯನ್ನು ಮೃದುವಾಗಿ ಅತ್ತಿತ್ತ ಬಾಗಿಸಿ. ಬೆಳಕು ಮಿಣುಕಿದರೆ, ಅಥವಾ ಸಾಧನ ಬಿಟ್ಟು ಸೇರಿದಾಗ ಕಂಪ್ಯೂಟರ್ ಮಾಡುವ ಸದ್ದು ಮತ್ತೆ ಮತ್ತೆ ಕೇಳಿದರೆ, ತಂತಿ ಒಳಗೇ ಮುರಿದಿದೆ. ಮೇಲೆ ಟೇಪ್ ಸುತ್ತಿದರೆ ಅದು ಕೂಡಿಕೊಳ್ಳುವುದಿಲ್ಲ, ಬೆಸುಗೆ ಬಲ್ಲವರು ಕುತ್ತಿಗೆಯ ಭಾಗ ಕತ್ತರಿಸಿ ಮತ್ತೆ ಜೋಡಿಸಬೇಕು, ಇಲ್ಲವೇ ಆಗ ಮಾತ್ರ ಹೊಸ ಮೌಸ್ ಕೊಳ್ಳಬೇಕು. ಕೆಲಸ ಮುಗಿದ ಮೇಲೆ ವೈರನ್ನು ಮೌಸಿಗೆ ಬಿಗಿಯಾಗಿ ಸುತ್ತಿಡುವ ಅಭ್ಯಾಸವೇ ಈ ಮುರಿತಕ್ಕೆ ದೊಡ್ಡ ಕಾರಣವೆಂಬುದು ನನ್ನ ಅನಿಸಿಕೆ.

ವೈರು ಗಟ್ಟಿಯಾಗಿದ್ದರೆ ಪ್ಲಗ್ಗನ್ನು ಬೇರೆ ಪೋರ್ಟಿಗೆ ಹಾಕಿ ನೋಡಿ. ನಡುವೆ ಹಬ್, ಅಂದರೆ ಒಂದು ಪೋರ್ಟನ್ನು ಹಲವಾಗಿಸುವ ಪೆಟ್ಟಿಗೆ, ಇದ್ದರೆ ತೆಗೆದು ನೇರವಾಗಿ ಜೋಡಿಸಿ. ಹಳೆಯ ಗುಂಡು ಪ್ಲಗ್ಗಿನ ಮೌಸ್ ಇದ್ದವರು ಮಾತ್ರ ಕಂಪ್ಯೂಟರ್ ಆರಿಸಿದ ಮೇಲೆಯೇ ಕೀಳಬೇಕು, ಹಾಕಬೇಕು. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ; ಎರಡನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಗುಣವಾಯಿತೆಂದು ತಿಳಿಯುವುದಿಲ್ಲ.

ಅದೇ ಮೌಸ್ ಬೇರೊಂದು ಕಂಪ್ಯೂಟರಿನಲ್ಲಿ ಸರಿಯಾಗಿ ಓಡಿದರೆ ತೊಂದರೆ ನಿಮ್ಮ ಕಂಪ್ಯೂಟರಿನಲ್ಲಿದೆ ಎಂದಾಯಿತು. ಲ್ಯಾಪ್‌ಟಾಪಿನಲ್ಲಿ ಟೈಪ್ ಮಾಡುವಾಗ ಅಂಗೈ ಟಚ್‌ಪ್ಯಾಡಿಗೆ ತಗುಲಿ ಬಾಣ ಹಾರುವುದು ತೀರ ಸಾಮಾನ್ಯ, ಟಚ್‌ಪ್ಯಾಡನ್ನು ಸೆಟ್ಟಿಂಗ್ಸ್‌ನಲ್ಲಿ ಆರಿಸಿ ನೋಡಿ. ಬಾಣ ಕೇವಲ ಅತಿ ವೇಗವಾಗಿದ್ದರೆ ಮೌಸಿನ ಮೇಲಿನ, ಬಾಣದ ವೇಗ ಬದಲಿಸುವ ಡಿಪಿಐ ಗುಂಡಿ ತಿಳಿಯದೆ ಒತ್ತಿಹೋಗಿರಬಹುದು. ಟೈಪ್ ಮಾಡಿದ ಅಕ್ಷರಗಳೂ ತಡವಾಗಿ ಮೂಡುತ್ತಿದ್ದರೆ ಕಂಪ್ಯೂಟರಿಗೆ ಕೆಲಸದ ಹೊರೆ ಹೆಚ್ಚಾಗಿದೆ, ತೆರೆದಿಟ್ಟ ಪ್ರೋಗ್ರಾಂಗಳನ್ನು ಮುಚ್ಚಿ.

ಮೌಸನ್ನು ಕಿತ್ತಿಟ್ಟು, ಟಚ್‌ಪ್ಯಾಡನ್ನೂ ಆರಿಸಿದ ಮೇಲೆಯೂ ಬಾಣ ಬೇಕೆಂದೇ ಓಡಾಡುವಂತೆ ಕಡತಗಳನ್ನು ತೆರೆಯುತ್ತಿದ್ದರೆ, ಬೇರೆ ಯಾರೋ ದೂರದಿಂದ ಕಂಪ್ಯೂಟರನ್ನು ನಡೆಸುತ್ತಿರುವ ಸಾಧ್ಯತೆ ಇದೆ. ಆಗ ಇನ್ನೇನೂ ಮಾಡದೆ ಮೊದಲು ಇಂಟರ್ನೆಟ್ ಸಂಪರ್ಕವನ್ನು ಕಡಿದು, ಬಲ್ಲವರಿಗೆ ತೋರಿಸಿ, ಬ್ಯಾಂಕಿನ ಪಾಸ್‌ವರ್ಡ್‌ಗಳನ್ನು ಬೇರೊಂದು ಸಾಧನದಿಂದ ಬದಲಿಸಿ.