ಬಾದಾಮಿಯಿಂದ ಮಹಾಕೂಟಕ್ಕೆ ಹಳೆಯ ಕಾಲುದಾರಿ: ನಡೆದು ನೋಡುವುದು ಹೇಗೆ?

ಬಾದಾಮಿ, ಮಹಾಕೂಟ, ಪಟ್ಟದಕಲ್ಲು, ಐಹೊಳೆ ಈ ನಾಲ್ಕನ್ನೂ ಒಂದೇ ದಿನದಲ್ಲಿ ಕಾರಿನಲ್ಲಿ ಸುತ್ತಿ ಮುಗಿಸುವವರೇ ಹೆಚ್ಚು. ಹಾಗೆ ನೋಡಿದವರಿಗೆ ಇವು ನಾಲ್ಕು ಬೇರೆ ಬೇರೆ ಊರುಗಳಾಗಿಯೇ ಉಳಿಯುತ್ತವೆ. ಬಾದಾಮಿಯ ಗುಡ್ಡ ಹತ್ತಿ ಮಹಾಕೂಟಕ್ಕೆ ಇಳಿಯುವ ಸುಮಾರು ಐದು ಕಿಲೋಮೀಟರಿನ ಹಳೆಯ ಯಾತ್ರಿಕರ ದಾರಿಯನ್ನು ಒಮ್ಮೆ ನಡೆದವರಿಗೆ ಮಾತ್ರ, ಕೋಟೆ ಕಟ್ಟಿದ ಬಂಡೆ, ಗುಡಿಗೆ ಒದಗಿದ ಕಲ್ಲು, ಯಾತ್ರಿಕರನ್ನು ಕರೆದ ಚಿಲುಮೆ ಎಲ್ಲವೂ ಒಂದೇ ನೆಲದ ಭಾಗಗಳೆಂಬುದು ಕಾಲಿಗೆ ತಿಳಿಯುತ್ತದೆ. ಆ ನಡಿಗೆಗೆ ಎರಡು ದಿನ ಮೀಸಲಿಡಬೇಕು. ಅದನ್ನು ಹೊಂದಿಸಿಕೊಳ್ಳುವ ಬಗೆಯನ್ನು ಇಲ್ಲಿ ವಿವರಿಸಿದೆ.

ಕಾಲ ಮತ್ತು ಸಿದ್ಧತೆ

ಅಕ್ಟೋಬರಿನಿಂದ ಫೆಬ್ರುವರಿಯವರೆಗಿನ ತಿಂಗಳುಗಳು ಉತ್ತಮ. ಮಳೆಗಾಲದಲ್ಲಿ ಗುಡ್ಡಗಳು ಹಸಿರಾಗಿ, ಬಾದಾಮಿಯ ದೊಡ್ಡ ಹೊಂಡವಾದ ಅಗಸ್ತ್ಯತೀರ್ಥದ ಬಳಿ ಅಕ್ಕ-ತಂಗಿ ಜಲಪಾತ ಧುಮ್ಮಿಕ್ಕುವುದನ್ನು ನೋಡಲು ಚೆನ್ನ, ಆದರೆ ನೆನೆದ ಮರಳುಗಲ್ಲಿನ ಮೇಲೆ ಹೆಜ್ಜೆ ಜಾರುತ್ತದೆ. ಮಾರ್ಚಿನ ನಂತರ ಈ ನಡಿಗೆಯ ಯೋಚನೆಯನ್ನೇ ಮಾಡಬಾರದು. ಮರಗಳು ವಿರಳವಾದ ಈ ಗುಡ್ಡಗಳಲ್ಲಿ ಬಿಸಿಲು ಮೇಲಿನಿಂದ ಮಾತ್ರವಲ್ಲ, ಕಾದ ಬಂಡೆಯ ಮೂಲಕ ಕೆಳಗಿನಿಂದಲೂ ಬರುತ್ತದೆ. ಚಳಿಗಾಲದಲ್ಲೇ ಒಮ್ಮೆ ಹತ್ತು ಗಂಟೆಯ ನಂತರ ಹೊರಟಿದ್ದ ನಾನು, ನಡುದಾರಿಯಲ್ಲಿ ನೀರು ಮುಗಿದು, ಬಂಡೆಯ ಕೆಳಗಿನ ಒಂದು ಮೊಳ ನೆರಳಿನಲ್ಲಿ ಬಹಳ ಹೊತ್ತು ಕುಳಿತುಕೊಳ್ಳಬೇಕಾಯಿತು. ಅಂದಿನಿಂದ ತಲಾ ಮೂರು ಲೀಟರ್ ನೀರಿಲ್ಲದೆ ಗುಡ್ಡ ಹತ್ತಿಲ್ಲ.

ಬುತ್ತಿಗೆ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಒಂದೆರಡು ಉಳ್ಳಾಗಡ್ಡಿ ಸಾಕು. ಭಾರವಿಲ್ಲ, ಕೆಡುವುದಿಲ್ಲ. ಅದನ್ನು ಕೈಯಲ್ಲಿ ಚೀಲವಾಗಿ ಹಿಡಿಯದೆ ಬೆನ್ನಿನ ಚೀಲದೊಳಗೆ ಇಡಬೇಕು, ಏಕೆಂದರೆ ಬಾದಾಮಿಯ ಮಂಗಗಳು ಪ್ಲಾಸ್ಟಿಕ್ ಚೀಲದ ಸದ್ದು ಕೇಳಿದರೆ ಸಾಕು, ಬಂದು ಕಿತ್ತುಕೊಳ್ಳುತ್ತವೆ. ಅಡಿಭಾಗ ಹಿಡಿತ ಕೊಡುವ ಬೂಟು, ತಲೆಗೆ ಟೋಪಿ ಅಥವಾ ರುಮಾಲು ಇರಲಿ. ಬಾದಾಮಿ ರೈಲು ನಿಲ್ದಾಣ ಊರಿನಿಂದ ಸುಮಾರು ಐದು ಕಿಲೋಮೀಟರ್ ದೂರವಿದ್ದು, ಅಲ್ಲಿಂದ ಆಟೊ ಸಿಗುತ್ತದೆ. ಹಿಂದಿನ ಸಂಜೆಯೇ ಬಂದು ಊರಲ್ಲಿ ತಂಗುವುದು ಒಳ್ಳೆಯದು.

ಮೊದಲ ದಿನ: ಹೊಂಡದ ಸುತ್ತ

ದೀರ್ಘ ನಡಿಗೆಗೆ ಮುನ್ನ ಒಂದು ದಿನ ಅಗಸ್ತ್ಯತೀರ್ಥದ ಸುತ್ತಲೇ ಕಾಲು ಪಳಗಿಸಬೇಕು. ಬೆಳಿಗ್ಗೆ ದಕ್ಷಿಣದ ಗುಡ್ಡದ ನಾಲ್ಕು ಗುಹಾಲಯಗಳಿಂದ ಆರಂಭಿಸಿ. ಮೂರನೆಯ ಗುಹೆಯಲ್ಲಿ ಶಕವರ್ಷ 500ರ, ಅಂದರೆ ಕ್ರಿ.ಶ. 578ರ ಚಾಲುಕ್ಯ ಮಂಗಳೇಶನ ಶಾಸನವಿದೆ. ಕಾಲ ಖಚಿತವಾಗಿ ತಿಳಿದಿರುವುದರಿಂದ, ಮುಂದೆ ನೋಡುವ ಎಲ್ಲ ಗುಡಿಗಳಿಗೂ ಅದೊಂದು ಅಳತೆಗೋಲಾಗುತ್ತದೆ.

ಅಲ್ಲಿಂದ ಹೊಂಡದ ಪೂರ್ವದ ದಂಡೆಯ ಭೂತನಾಥ ಗುಡಿಗೆ ಬನ್ನಿ. ಹೆಚ್ಚಿನವರು ಗುಡಿಯ ಮುಂದೆ ಚಿತ್ರ ತೆಗೆಸಿಕೊಂಡು ಹಿಂದಿರುಗುತ್ತಾರೆ. ನೀವು ಹಿಂಬದಿಗೂ ಹೋಗಬೇಕು. ಅಲ್ಲಿನ ದೊಡ್ಡ ಬಂಡೆಗಳಲ್ಲಿ ವರಾಹ, ನರಸಿಂಹ, ಮಹಿಷಮರ್ದಿನಿಯರನ್ನು ಕೆತ್ತಿದ್ದಾರೆ, ಸಮೀಪದಲ್ಲೇ ಶೇಷಶಾಯಿ ವಿಷ್ಣುವಿದ್ದಾನೆ. ಹೊಂಡದ ಈಶಾನ್ಯಕ್ಕಿರುವ ಬಂಡೆಯ ಮೇಲೆ ಕಪ್ಪೆ ಅರಭಟ್ಟನ ಶಾಸನವಿದೆ. ಕ್ರಿ.ಶ. 700ರ ಆಸುಪಾಸಿನದೆಂದು ತಿಳಿಯಲಾಗಿರುವ ಇದು ತ್ರಿಪದಿಯ ಅತ್ಯಂತ ಹಳೆಯ ಮಾದರಿ. ‘ಸಾಧುಗೆ ಸಾಧು, ಮಾಧುರ್ಯ್ಯಂಗೆ ಮಾಧುರ್ಯ್ಯಂ’ ಎಂದು ಪಠ್ಯಪುಸ್ತಕದಲ್ಲಿ ಓದಿದ್ದನ್ನು ಅದೇ ಬಂಡೆಯ ಮುಂದೆ ನಿಂತು ಅಕ್ಷರ ಅಕ್ಷರವಾಗಿ ಹುಡುಕುವ ಸಂತೋಷ ಕನ್ನಡಿಗರಿಗೆ ಬೇರೆಲ್ಲಿ ಸಿಕ್ಕೀತು? ಅಕ್ಷರ ಸ್ಪಷ್ಟವಾಗಲೆಂದು ಸೀಮೆಸುಣ್ಣ ಬಳಿಯುವುದು, ನೀರು ಎರಚುವುದು ಬೇಡ. ಓರೆಯಾಗಿ ಬೀಳುವ ಬೆಳಗಿನ ಅಥವಾ ಸಂಜೆಯ ಬಿಸಿಲೇ ಅವನ್ನು ಎತ್ತಿ ತೋರಿಸುತ್ತದೆ.

ಮಧ್ಯಾಹ್ನದ ಬಿಸಿಲಿನ ಹೊತ್ತನ್ನು ವಸ್ತುಸಂಗ್ರಹಾಲಯದಲ್ಲಿ ಕಳೆಯಿರಿ. ಶುಕ್ರವಾರ ಅದಕ್ಕೆ ರಜೆ, ಆದ್ದರಿಂದ ದಿನ ನೋಡಿಕೊಂಡು ಬರಬೇಕು. ಅಲ್ಲಿರುವ ಲಜ್ಜಾಗೌರಿಯ ವಿಗ್ರಹವನ್ನು ಸಾವಕಾಶವಾಗಿ ನೋಡಿ. ತಲೆಯಿರುವ ಜಾಗದಲ್ಲಿ ಅರಳಿದ ತಾವರೆಯಿರುವ ಈ ತಾಯಿ ಸಿಕ್ಕಿದ್ದು ನಾಗನಾಥಕೊಳ್ಳದಲ್ಲಿ, ಅಂದರೆ ನಾಳೆ ನೀವು ನಡೆಯಲಿರುವ ಗುಡ್ಡಗಳ ನಡುವೆಯೇ.

ಸಂಜೆಗೆ ಉತ್ತರದ ಕೋಟೆ. ವಸ್ತುಸಂಗ್ರಹಾಲಯದ ಪಕ್ಕದಿಂದ ಹೊರಡುವ ಮೆಟ್ಟಿಲುಗಳು ಎರಡು ಎತ್ತರದ ಬಂಡೆಗಳ ನಡುವಿನ ಇಕ್ಕಟ್ಟಾದ ಸೀಳಿನಲ್ಲಿ ಸಾಗುತ್ತವೆ. ಇಲ್ಲಿ ಒಂದು ಕ್ಷಣ ನಿಂತು ಗೋಡೆಯಂತಿರುವ ಬಂಡೆಯನ್ನು ಗಮನಿಸಿ. ಕೆಂಪು, ಕಂದು, ಹಳದಿ ಪದರಗಳು ಓರೆಓರೆಯಾಗಿ ಒಂದರ ಮೇಲೊಂದು ಕೂತಿವೆ. ಯಾವುದೋ ಯುಗದಲ್ಲಿ ಹರಿದ ನೀರು ತಂದು ಸುರಿದ ಮರಳು ಹಾಗೆಯೇ ಕಲ್ಲಾಗಿದೆ. ಪದರಗಳಾಗಿ ಬಿಡಿಸಿಕೊಳ್ಳುವ, ಉಳಿಗೆ ಒಗ್ಗುವ ಈ ಕಲ್ಲೇ ಚಾಲುಕ್ಯರ ಶಿಲ್ಪಿಗಳ ಬಂಡವಾಳ. ಕ್ರಿ.ಶ. 543ರಲ್ಲಿ ಒಂದನೆಯ ಪುಲಕೇಶಿ ವಾತಾಪಿಯ, ಅಂದರೆ ಇಂದಿನ ಬಾದಾಮಿಯ, ಬೆಟ್ಟವನ್ನು ದುರ್ಗವಾಗಿಸಿದ್ದನ್ನು ಹೇಳುವ ಶಾಸನವೂ ಈ ಗುಡ್ಡದ ಬಂಡೆಯ ಮೇಲೇ ಇದೆ. ಮೇಲಿನ ಶಿವಾಲಯದಿಂದ ಹೊಂಡ, ಊರು, ಗುಹೆಗಳು ಎಲ್ಲವೂ ಒಂದೇ ನೋಟಕ್ಕೆ ಸಿಗುತ್ತವೆ. ಬಂಡೆಯ ಅಂಚಿನಲ್ಲಿ ಕಟಕಟೆಯಿಲ್ಲದ ಕಡೆಗಳಲ್ಲಿ ಮಕ್ಕಳ ಕೈ ಬಿಡಬಾರದು.

ಎರಡನೆಯ ದಿನ: ಗುಡ್ಡದ ಹಾದಿ

ಬೆಳಿಗ್ಗೆ ಆರೂವರೆಗೆ ಹೊರಡಿ. ದಾರಿ ಊರಿನ ಪೂರ್ವ–ಈಶಾನ್ಯ ದಿಕ್ಕಿನ ಗುಡ್ಡಗಳನ್ನು ದಾಟಿ ಹೋಗುತ್ತದೆ. ಮೊಬೈಲಿನ ನಕ್ಷೆಯೊಂದನ್ನೇ ನೆಚ್ಚಿಕೊಳ್ಳಬೇಡಿ. ಹಿಂದಿನ ದಿನವೇ ಊರಿನ ಮಾರ್ಗದರ್ಶಿಯೊಬ್ಬರನ್ನು ಗೊತ್ತುಮಾಡಿಕೊಂಡರೆ ನಿಶ್ಚಿಂತೆ. ಇಲ್ಲವಾದರೆ ಕುರಿ ಮೇಯಿಸುವವರು ಎದುರಾದಾಗ ‘ಅಣ್ಣಾರ, ಮಹಾಕೂಟದ ಕಾಲ್ದಾರಿ ಯಾವುದ್ರಿ?’ ಎಂದು ಕೇಳಲು ಸಂಕೋಚಪಡಬಾರದು. ಒಬ್ಬೊಬ್ಬರೇ ಹೋಗುವುದು ಬೇಡ, ಮೂರು ನಾಲ್ಕು ಜನರಿರಲಿ. ಹೊರಡುವ ಹೊತ್ತನ್ನು ತಂಗಿದ ಕಡೆ ತಿಳಿಸಿ.

ಹಾದಿಯ ಗುರುತು ಕಾಲಡಿಯಲ್ಲಿಯೇ ಇದೆ. ಅಲ್ಲಲ್ಲಿ ಹಾಸುಗಲ್ಲುಗಳು ಉಳಿದಿವೆ. ಶತಮಾನಗಳ ಕಾಲ ಯಾತ್ರಿಕರ ಪಾದ ಸವೆಸಿದ ಕಲ್ಲಿನ ಮೈ ನುಣುಪಾಗಿದ್ದರೆ, ಪಕ್ಕದ ಕಲ್ಲು ಒರಟಾಗಿದೆ. ಈ ವ್ಯತ್ಯಾಸವನ್ನು ಒಮ್ಮೆ ಕಣ್ಣು ಹಿಡಿದುಕೊಂಡಿತೆಂದರೆ ದಾರಿ ತಪ್ಪುವುದು ಅಪರೂಪ. ಹಾಸುಗಲ್ಲು ಮರೆಯಾಗಿ ಕವಲುಗಳು ಎದುರಾದರೆ, ಮುಂದೆ ನುಗ್ಗದೆ ಕೊನೆಯ ನುಣುಪುಗಲ್ಲಿಗೆ ಹಿಂದಿರುಗಿ ಅಲ್ಲಿಂದ ಮತ್ತೆ ಹುಡುಕಬೇಕು. ಕೆಲವೆಡೆ ಬಂಡೆಯ ಮೇಲೆ, ಹೊಳೆಯ ದಂಡೆಯ ಮರಳಿನಲ್ಲಿ ಕಾಣುವಂಥ ಅಲೆಗಳ ಗುರುತು ಕಲ್ಲಾಗಿ ನಿಂತಿದೆ. ಬಗ್ಗಿ ಬೆರಳಾಡಿಸಿದರೆ ಒಂದೊಂದು ಏರಿಳಿತವೂ ತಾಗುತ್ತದೆ.

ಸಾವಕಾಶ ನಡೆದು, ನಿಂತು ನೋಡಲು ಮೂರು ಗಂಟೆ ಇಟ್ಟುಕೊಳ್ಳಿ. ದಾರಿಯ ಕೊನೆಯ ಇಳಿತದಲ್ಲಿ ಹಳೆಯ ಬಾಗಿಲೊಂದು ಎದುರಾಗುತ್ತದೆ. ಅದರ ಎರಡೂ ಪಕ್ಕಗಳಲ್ಲಿ ಎಲುಬು ಎದ್ದು ಕಾಣುವ ಭೈರವ ಮತ್ತು ಕಾಳಿಯರು ನಿಂತಿದ್ದಾರೆ. ಕಾರಿನಲ್ಲಿ ಬರುವವರು ಇನ್ನೊಂದು ಬದಿಯಿಂದ ಒಳಸೇರುವುದರಿಂದ ಇವರನ್ನು ನೋಡದೆಯೇ ಹೋಗುತ್ತಾರೆ. ಗುಡ್ಡ ಇಳಿದು ಬಂದವರನ್ನು ಮೊದಲು ಎದುರುಗೊಳ್ಳುವವರು ಇವರೇ.

ಮಹಾಕೂಟದೊಳಗೆ ವಿಷ್ಣುಪುಷ್ಕರಿಣಿಗೆ ಚಿಲುಮೆಯ ನೀರು ಬರುತ್ತದೆ. ಭಕ್ತರು ಮೀಯುವ ತೀರ್ಥವದು, ಸೋಪು ಶ್ಯಾಂಪೂ ತರಬಾರದು. ಮಹಾಕೂಟೇಶ್ವರನ ಮುಖಮಂಟಪದ ಕಂಬದಲ್ಲಿ, ಚಾಲುಕ್ಯ ವಿಜಯಾದಿತ್ಯನ ಪ್ರಾಣವಲ್ಲಭೆ ವಿನಾಪೋಟಿ ಎಂಬಾಕೆ ದೇವರಿಗೆ ಮಾಣಿಕ್ಯದ ಪೀಠವನ್ನೂ ಬೆಳ್ಳಿಯ ಛತ್ರವನ್ನೂ ಕೊಟ್ಟ ಕನ್ನಡ ಶಾಸನವಿದೆ. ಅದರಲ್ಲಿ ಆಕೆಯ ತಾಯಿಯ, ಅಜ್ಜಿಯ ಹೆಸರುಗಳೂ ಉಳಿದಿವೆ. ಆ ಪೀಠ, ಆ ಛತ್ರಗಳಿಗಿಂತ ಈ ಮೂವರು ಹೆಣ್ಣುಮಕ್ಕಳ ಹೆಸರುಗಳೇ ನನಗೆ ದೊಡ್ಡ ಸಂಪತ್ತಾಗಿ ಕಾಣುತ್ತವೆ. ಇಲ್ಲಿದ್ದ ಮಂಗಳೇಶನ ಶಾಸನಸ್ತಂಭವನ್ನು ನೋಡಬೇಕಾದರೆ ವಿಜಯಪುರದ ಗೋಲ್‌ಗುಂಬಜ್ ಆವರಣದ ವಸ್ತುಸಂಗ್ರಹಾಲಯಕ್ಕೆ ಹೋಗಬೇಕು.

ಸಂಗಮೇಶ್ವರ ಗುಡಿಯ ಬಾಗಿದ ರೇಖೆಯ ಶಿಖರವನ್ನೂ ಮಲ್ಲಿಕಾರ್ಜುನನ ಅಂತಸ್ತು ಅಂತಸ್ತಿನ ದ್ರಾವಿಡ ಶಿಖರವನ್ನೂ ಒಂದೇ ಅಂಗಳದಲ್ಲಿ ಹೋಲಿಸಿ ನೋಡಿಕೊಳ್ಳಿ. ಮಧ್ಯಾಹ್ನ ಪಟ್ಟದಕಲ್ಲಿಗೆ ಹೋದಾಗ ಇದು ನೆರವಿಗೆ ಬರುತ್ತದೆ.

ಮುಂದಿನ ಹಾದಿ

ಮಹಾಕೂಟದಿಂದ ಪಟ್ಟದಕಲ್ಲಿಗೆ ರಸ್ತೆಯಲ್ಲೇ ಹೋಗಿ. ಬಿಸಿಲೇರಿದ ಮೇಲೆ ನಡೆಯುವ ಹಟ ಬೇಡ. ಆಟೊ ಅಥವಾ ಟಂಟಂ ಮಾಡಿಕೊಳ್ಳಬಹುದು. ಇನ್ನೊಂದು ದಿನ ಉಳಿಯುವವರು ಬಾದಾಮಿಯಿಂದ ಸಿಡಿಲಫಡಿಗೂ ನಡೆಯಬಹುದು. ಸಿಡಿಲು ಬಡಿದಂತೆ ಚಾವಣಿಯಲ್ಲಿ ತೂತುಗಳಿರುವ ಆ ಕಲ್ಲಿನ ಆಸರೆಯಲ್ಲಿ ಪ್ರಾಗೈತಿಹಾಸಿಕ ವರ್ಣಚಿತ್ರಗಳಿವೆ. ಕುರುಚಲು ಗಿಡಗಳ ನಡುವೆ ದಾರಿ ಸುಲಭವಾಗಿ ಕಳೆದುಹೋಗುವುದರಿಂದ ಮಾರ್ಗದರ್ಶಿಯಿಲ್ಲದೆ ಹೋಗಬಾರದು. ಚಿತ್ರಗಳನ್ನು ಮುಟ್ಟಲೂಬಾರದು. ಸಂರಕ್ಷಿತ ಸ್ಮಾರಕಗಳ ಮೇಲೆ ಹೆಸರು ಗೀಚುವವರಿಗೆ, 2010ರಲ್ಲಿ ತಿದ್ದುಪಡಿಯಾದ 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಯಂತೆ ಎರಡು ವರ್ಷಗಳವರೆಗೆ ಸೆರೆವಾಸ, ಒಂದು ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು.

1987ರಲ್ಲಿ ವಿಶ್ವ ಪರಂಪರೆಯ ತಾಣವೆಂದು ಘೋಷಿತವಾದ ಪಟ್ಟದಕಲ್ಲಿನಲ್ಲಿ ಚಾಲುಕ್ಯರ ರಾಣಿ ಲೋಕಮಹಾದೇವಿ ಕಟ್ಟಿಸಿದ ವಿರೂಪಾಕ್ಷ ಗುಡಿಯನ್ನು ನೋಡಿದ ಮೇಲೆ ಅದರ ಪೂರ್ವದ ಬಾಗಿಲ ಕಡೆಗೆ ನಡೆಯಿರಿ. ಗುಡಿ ಮುಖಮಾಡಿರುವುದು ಉತ್ತರಕ್ಕೆ ಹರಿಯುವ ಮಲಪ್ರಭೆಯತ್ತ. ಅಲ್ಲಿ ಅರ್ಧ ಗಂಟೆ ಕುಳಿತು ಕಾಲಿಗೆ ವಿಶ್ರಾಂತಿ ಕೊಡಿ. ಬಾದಾಮಿಗೆ ರಸ್ತೆಯಲ್ಲಿ ಸುಮಾರು 22 ಕಿಲೋಮೀಟರ್ ಇರುವುದರಿಂದ, ಹಿಂದಿರುಗುವ ಕೊನೆಯ ಬಸ್ಸಿನ ವೇಳೆಯನ್ನು ಬಂದ ಕೂಡಲೇ ವಿಚಾರಿಸಿಟ್ಟುಕೊಳ್ಳಿ.