ಮನೆಯ ಹಿರಿಯರಿಗೆ ಬುದ್ಧಿ ಸ್ಥಿಮಿತ ತಪ್ಪಿದಾಗ ಗಾರ್ಡಿಯನ್ ಆಗುವುದು ಹೇಗೆ

ವಕೀಲರ ಹತ್ತಿರ ಹೋಗುವ ಮೊದಲು ಒಂದು ಹಾಳೆ ತೆಗೆದುಕೊಂಡು, ಹಿರಿಯರ ಸಹಿ ಇಲ್ಲದೆ ಯಾವ್ಯಾವ ಕೆಲಸ ನಿಂತಿದೆ ಎಂದು ಬರೆಯಿರಿ. ಪಿಂಚಣಿ ಡ್ರಾ ಮಾಡುವುದು, ಎಫ್‌ಡಿ ಮುರಿಸುವುದು, ಮಾನಸಿಕ ಚಿಕಿತ್ಸೆಗೆ ಒಪ್ಪಿಗೆ, ಜಮೀನು ಮಾರಾಟ. ಒಂದೊಂದಕ್ಕೂ ದಾರಿ ಬೇರೆ. ಕೆಲವಕ್ಕೆ ಕೋರ್ಟು ಮೆಟ್ಟಿಲು ಹತ್ತುವ ಅಗತ್ಯವೇ ಇಲ್ಲ.

ಪಾರ್ಶ್ವವಾಯು ಹೊಡೆದು ಕೈ ಆಡದಿದ್ದರೂ ಮನಸ್ಸು ಸರಿಯಿದ್ದರೆ ಗಾರ್ಡಿಯನ್, ಅಂದರೆ ಅವರ ಪರವಾಗಿ ನಿರ್ಧರಿಸಲು ಕಾನೂನು ಪ್ರಕಾರ ನೇಮಕವಾದವರು, ಬೇಕಿಲ್ಲ. ಚೆಕ್ ಅಥವಾ ವಿತ್‌ಡ್ರಾಯಲ್ ಫಾರಂ ಮೇಲೆ ಹೆಬ್ಬೆಟ್ಟು, ಅದೂ ಆಗದಿದ್ದರೆ ಕಾಲ್ಬೆರಳಿನ ಗುರುತು ಹಾಕಿಸಿ ಹಣ ಕೊಡಲು ರಿಸರ್ವ್ ಬ್ಯಾಂಕಿನ ಸೂಚನೆಯೇ ಇದೆ. ಇಬ್ಬರು ಸಾಕ್ಷಿಗಳು ಬೇಕು, ಅವರಲ್ಲಿ ಒಬ್ಬರು ಬ್ಯಾಂಕಿನ ಜವಾಬ್ದಾರಿಯುತ ಅಧಿಕಾರಿ ಆಗಿರಬೇಕು. 70 ವರ್ಷ ದಾಟಿದವರು ಮನೆ ಬಾಗಿಲಿನ ಸೇವೆಯನ್ನೂ ಕೇಳಬಹುದು. ಕೌಂಟರಿನಲ್ಲಿ ಆಗಲ್ಲ ಎಂದರೆ ವಾದಕ್ಕೆ ನಿಲ್ಲಬೇಡಿ. ಮ್ಯಾನೇಜರ್ ಹೆಸರಿಗೆ ಅರ್ಜಿ ಬರೆದುಕೊಟ್ಟು ಸೀಲು ಹಾಕಿಸಿದ ಪ್ರತಿ ಇಟ್ಟುಕೊಳ್ಳಿ. ಪಿಂಚಣಿದಾರರ ಜೀವನ ಪ್ರಮಾಣ ಪತ್ರವನ್ನು ಮನೆಯಲ್ಲೇ ಮೊಬೈಲಿನಲ್ಲಿ ಮುಖ ತೋರಿಸಿ ಮಾಡಿಸಬಹುದು.

ಮರೆವಿನ ಕಾಯಿಲೆ ಈಗಷ್ಟೇ ಶುರುವಾಗಿದ್ದರೆ ಒಂದು ದಿನವನ್ನೂ ಕಳೆಯಬೇಡಿ. ಖಾತೆಗೆ ಮಗನನ್ನೋ ಮಗಳನ್ನೋ ‘ಐದರ್ ಆರ್ ಸರ್ವೈವರ್’ (ಇಬ್ಬರಲ್ಲಿ ಯಾರು ಬೇಕಾದರೂ ಹಣ ತೆಗೆಯಬಹುದು) ಎಂದು ಸೇರಿಸಿ. ‘ಫಾರ್ಮರ್ ಆರ್ ಸರ್ವೈವರ್’ ಎಂದಾದರೆ ಮೊದಲ ಹೆಸರಿನವರು ಬದುಕಿರುವವರೆಗೆ ಎರಡನೆಯವರು ಹಣ ತೆಗೆಯುವಂತಿಲ್ಲ. ನಾಮಿನಿಗೂ ಹಣ ಸಿಗುವುದು ಸಾವಿನ ನಂತರವೇ. ವಿಲ್ ಬರೆಸುವುದಾದರೆ ಅದೇ ದಿನದ ತಾರೀಕಿನ ವೈದ್ಯರ ಸರ್ಟಿಫಿಕೇಟ್ ಮತ್ತು ಇಬ್ಬರು ಸಾಕ್ಷಿಗಳು ಇರಲಿ. ಹಾಸಿಗೆ ಹಿಡಿದವರ ಪತ್ರ ನೋಂದಾಯಿಸಲು ಸಬ್ ರಿಜಿಸ್ಟ್ರಾರ್ ಮನೆಗೇ ಬರಲು ನೋಂದಣಿ ಕಾಯ್ದೆಯಲ್ಲಿ ಅವಕಾಶವಿದೆ.

ಹೆಚ್ಚು ಜನ ಎಡವುವುದು ಜಿಪಿಎ, ಅಂದರೆ ತಮ್ಮ ಪರವಾಗಿ ವ್ಯವಹರಿಸಲು ಇನ್ನೊಬ್ಬರಿಗೆ ಕೊಡುವ ಅಧಿಕಾರ ಪತ್ರದ ವಿಷಯದಲ್ಲಿ. ‘ಅಪ್ಪ ಚೆನ್ನಾಗಿದ್ದಾಗಲೇ ಜಿಪಿಎ ಮಾಡಿಕೊಟ್ಟಿದ್ದಾರೆ, ಇನ್ನೇನು’ ಎಂದು ಧೈರ್ಯವಾಗಿರುತ್ತಾರೆ. ಆದರೆ ಕೊಟ್ಟವರ ಬುದ್ಧಿ ಸ್ಥಿಮಿತ ತಪ್ಪಿದರೆ ಸಾಮಾನ್ಯ ಜಿಪಿಎ ಅಲ್ಲಿಗೇ ಮುಗಿಯಿತು. 1872ರ ಕರಾರು ಕಾಯ್ದೆಯ 201ನೇ ಕಲಮು ಹೇಳುವುದು ಅದನ್ನೇ. ಅದನ್ನು ಹಿಡಿದು ತಿಪಟೂರಿನ ತೆಂಗಿನ ತೋಟವನ್ನೋ ಚಿಂತಾಮಣಿಯ ಸೈಟನ್ನೋ ಮಾರಿದರೆ, ಕ್ರಯಪತ್ರ ನೋಂದಣಿಯಾಗಿದ್ದರೂ ಮುಂದೆ ಅಣ್ಣತಮ್ಮಂದಿರಲ್ಲಿ ಒಬ್ಬರು ದಾವೆ ಹೂಡಿದರೆ ಉಳಿಯುವುದು ಕಷ್ಟ. ಸ್ಥಿಮಿತ ತಪ್ಪಿದ ಮೇಲೆ ಕೈ ಹಿಡಿದು ಒತ್ತಿಸಿದ ಹೆಬ್ಬೆಟ್ಟಿನ ಪಾಡು ಅದಕ್ಕಿಂತ ಕೆಟ್ಟದ್ದು.

ಇನ್ನು ಕೋರ್ಟು. 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆ ಅಪ್ರಾಪ್ತರಿಗೆ ಮಾತ್ರ, ಹಿರಿಯರಿಗೆ ಅದರಡಿ ಅರ್ಜಿ ಹಾಕಿದರೆ ವಜಾ ಆಗುತ್ತದೆ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ಜಿಲ್ಲಾಧಿಕಾರಿ ಇರುವ ಸ್ಥಳೀಯ ಸಮಿತಿ ಗಾರ್ಡಿಯನ್ ನೇಮಿಸುತ್ತದೆ, ಆದರೆ ಅದು ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ, ಬಹುವಿಧ ಅಂಗವೈಕಲ್ಯ ಇರುವವರಿಗೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ ನಾಮನಿರ್ದೇಶಿತ ಪ್ರತಿನಿಧಿಗೆ ಚಿಕಿತ್ಸೆಯಲ್ಲಿ ಮಾತ್ರ ಮಾತು, ಆಸ್ತಿಯಲ್ಲಿ ಇಲ್ಲ. ಹಳೆಯ 1987ರ ಕಾಯ್ದೆಯಲ್ಲಿ ಜಿಲ್ಲಾ ಕೋರ್ಟು ಆಸ್ತಿಗೆ ಮ್ಯಾನೇಜರ್ ನೇಮಿಸಬಹುದಿತ್ತು. ಹೊಸದು ಬಂದಾಗ ಆ ಬಾಗಿಲು ಮುಚ್ಚಿತು, ಬದಲಿಗೆ ಏನನ್ನೂ ಇಡಲಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 14ನೇ ಕಲಮಿನಲ್ಲಿ ಸೀಮಿತ ಗಾರ್ಡಿಯನ್ ಉಂಟು: ಇಂಥ ಕೆಲಸಕ್ಕೆ, ಇಷ್ಟು ಅವಧಿಗೆ, ಹಿರಿಯರ ಜೊತೆ ಸಮಾಲೋಚಿಸಿ. ಕೋಮಾದಲ್ಲಿರುವವರ, ಏನೂ ತಿಳಿಯದಷ್ಟು ಡಿಮೆನ್ಷಿಯಾ ಮುಂದುವರಿದವರ ಆಸ್ತಿಗೆ ಸಾಮಾನ್ಯವಾಗಿ ಹೈಕೋರ್ಟಿನಲ್ಲಿ ಸಂವಿಧಾನದ 226ನೇ ವಿಧಿಯಡಿ ರಿಟ್ ಅರ್ಜಿಯೇ ಗತಿ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದವರು ಬೆಂಗಳೂರಿನ ಪ್ರಧಾನ ಪೀಠಕ್ಕೆ ಹೋಗಬೇಕು.

ಅರ್ಜಿಯ ಜೀವ ಇರುವುದು ವೈದ್ಯರ ಸರ್ಟಿಫಿಕೇಟಿನಲ್ಲಿ. ‘ಡಿಮೆನ್ಷಿಯಾ ಇದೆ’ ಎಂಬ ಒಂದು ಸಾಲು ಸಾಲದು. ಯಾವಾಗಿನಿಂದ, ಯಾವ ಪರೀಕ್ಷೆಯಿಂದ ತಿಳಿಯಿತು, ಹಣದ ಲೆಕ್ಕ ಮತ್ತು ಪತ್ರದ ಅರ್ಥ ತಿಳಿಯುತ್ತದೆಯೇ, ಸುಧಾರಿಸುವ ಸಾಧ್ಯತೆ ಇದೆಯೇ ಎಂಬುದೆಲ್ಲ ಬರಬೇಕು. ಜಿಲ್ಲಾಸ್ಪತ್ರೆಯಲ್ಲಿ ನರರೋಗ ತಜ್ಞರು ಸಿಗದಿದ್ದರೆ ನಿಮ್ಹಾನ್ಸ್‌ನಲ್ಲಿ ತೋರಿಸಿ. ಕೇರಳ ಹೈಕೋರ್ಟ್ 2019ರಲ್ಲಿ ಕೋಮಾ ರೋಗಿಗಳಿಗಾಗಿ ಹಾಕಿದ ಕ್ರಮ ನೋಡಿದರೆ ಏನನ್ನು ನಿರೀಕ್ಷಿಸಬೇಕೆಂದು ಅಂದಾಜಾಗುತ್ತದೆ: ನರರೋಗ ತಜ್ಞರೂ ಇರುವ ವೈದ್ಯರ ತಂಡದ ವರದಿ, ತಹಸೀಲ್ದಾರ್ ಮಟ್ಟದ ಅಧಿಕಾರಿಯಿಂದ ಮನೆ ಪರಿಶೀಲನೆ, ನೇಮಕದ ನಂತರ ಆರು ತಿಂಗಳಿಗೊಮ್ಮೆ ಲೆಕ್ಕ.

ಜೊತೆಗೆ ವಂಶವೃಕ್ಷ, ಪಹಣಿ, ಇಸಿ (ಋಣಭಾರ ಪ್ರಮಾಣ ಪತ್ರ), ಪಾಸ್‌ಬುಕ್ ಪ್ರತಿ, ಆಸ್ಪತ್ರೆ ಬಿಲ್ಲು, ತಿಂಗಳ ಖರ್ಚಿನ ಪಟ್ಟಿ ಇಡಿ. ಮದುವೆಯಾಗಿ ಹೋದ ಹೆಣ್ಣುಮಕ್ಕಳೂ ಸೇರಿ ಎಲ್ಲ ವಾರಸುದಾರರ ಒಪ್ಪಿಗೆ ಅಫಿಡವಿಟ್ ಬೇಕು; ಅಕ್ಕಂದಿರನ್ನು ಬಿಟ್ಟು ಹಾಕಿದ ಅರ್ಜಿಗೆ ತಕರಾರು ಬಂದೇ ಬರುತ್ತದೆ. ಹೆಸರನ್ನೂ ನೋಡಿಕೊಳ್ಳಿ. ಪಹಣಿಯಲ್ಲಿ ‘ಮುನಿಯಪ್ಪ ಬಿನ್ ಚಿಕ್ಕಮುನಿಯಪ್ಪ’, ಆಧಾರ್‌ನಲ್ಲಿ ‘ಸಿ. ಮುನಿಯಪ್ಪ’ ಎಂದಿದ್ದರೆ ಇಬ್ಬರೂ ಒಬ್ಬರೇ ಎಂಬ ಅಫಿಡವಿಟ್ಟನ್ನು ಮೊದಲೇ ಸೇರಿಸಿ.

ಕೋರಿಕೆಯ ಭಾಗದಲ್ಲಿ ಪ್ರತಿ ಖಾತೆ ಸಂಖ್ಯೆ, ಎಫ್‌ಡಿ ರಸೀತಿ, ಸರ್ವೆ ನಂಬರು, ವಿಸ್ತೀರ್ಣ ಬಿಡಿಬಿಡಿಯಾಗಿ ಬರಲಿ. ‘ಆಸ್ತಿ ನೋಡಿಕೊಳ್ಳಲು’ ಎಂದಷ್ಟೇ ಆದೇಶವಾದರೆ ಬ್ಯಾಂಕಿನವರು ಅದರಲ್ಲಿ ನಮ್ಮ ಖಾತೆಯ ಹೆಸರೆಲ್ಲಿದೆ ಎಂದು ವಾಪಸ್ ಕಳಿಸುತ್ತಾರೆ. ಮಾರಾಟಕ್ಕೆ ಅನುಮತಿಯನ್ನೂ ಸ್ಪಷ್ಟವಾಗಿ ಕೇಳಿ, ಕಾರಣ ಮತ್ತು ಬೇಕಾದ ಮೊತ್ತ ಸಮೇತ. ಪಿತ್ರಾರ್ಜಿತ ಜಮೀನಾದರೆ ಗಾರ್ಡಿಯನ್ ಕೈಗೆ ಬರುವುದು ಹಿರಿಯರ ಪಾಲು ಮಾತ್ರ.

ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರಿಗೆ ಆದಾಯ ನೋಡದೆ ಉಚಿತ ವಕೀಲರು ಸಿಗುತ್ತಾರೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಕೇಳಿ, ಇಲ್ಲವೇ 15100ಕ್ಕೆ ಫೋನ್ ಮಾಡಿ.