ಎಂಜಿನ್ ದೀಪ ಹತ್ತಿದೆಯಾ? ಮೊದಲು ಕೋಡ್ ಓದಿ

ಹೋದ ಏಪ್ರಿಲ್‌ನಲ್ಲಿ ಅಮ್ಮನನ್ನು ಕೂರಿಸಿಕೊಂಡು ತುಮಕೂರಿಗೆ ಹೊರಟಿದ್ದೆ. ಗೊರಗುಂಟೆಪಾಳ್ಯದ ಸಿಗ್ನಲ್‌ನಲ್ಲಿ ಹಳದಿ ಎಂಜಿನ್ ದೀಪ ಹತ್ತಿತು. ಗಾಡಿ ಎಂದಿನಂತೆಯೇ ಓಡುತ್ತಿತ್ತು. ಮರುದಿನ ಮನೆ ಹತ್ತಿರದ ಗ್ಯಾರೇಜ್‌ನಲ್ಲಿ ತೋರಿಸಿದೆ. ಬಾನೆಟ್ ಕೂಡ ತೆಗೆಯದೆ, "ಸೆನ್ಸರ್ ಹೋಗಿದೆ ಮೇಡಂ, 6,000 ಆಗುತ್ತೆ" ಅಂದರು. ಯಾವ ಸೆನ್ಸರ್ ಅಂತ ಕೇಳಿದರೆ ಉತ್ತರವಿಲ್ಲ. ಗಾಡಿ ವಾಪಸ್ ತಂದು, ಕಾರಿನ ಕಂಪ್ಯೂಟರ್ ಬರೆದಿಟ್ಟುಕೊಂಡಿರುವ ದೋಷದ ಕೋಡನ್ನು ನಾನೇ ಓದಿದೆ. ನೀವೂ ಓದಬಹುದು, ಕಷ್ಟವಿಲ್ಲ.

ಒಂದು ಎಚ್ಚರಿಕೆ ಮೊದಲೇ ಹೇಳಿಬಿಡುತ್ತೇನೆ. ದೀಪ ಹತ್ತಿಕೊಂಡೇ ಇದ್ದರೆ ನಿಧಾನವಾಗಿ ಮನೆ ಸೇರಬಹುದು. ಮಿಣುಕುತ್ತಿದ್ದರೆ ಎಂಜಿನ್ ಮಿಸ್ ಹೊಡೆಯುತ್ತಿದೆ ಅಂತ ಅರ್ಥ. ಉರಿಯದ ಪೆಟ್ರೋಲ್ ಸೈಲೆನ್ಸರ್ ಕಡೆ ಹೋಗಿ ಹೊಗೆಯ ವಿಷ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರನ್ನು ಸುಟ್ಟುಹಾಕಬಹುದು. ಆಗ ಗಾಡಿ ಬದಿಗೆ ಹಾಕಿ.

ನನ್ನದು 2015ರ ಪೆಟ್ರೋಲ್ ಕಾರು. ನಮ್ಮ ದೇಶದಲ್ಲಿ 2013ರ ಏಪ್ರಿಲ್‌ನಿಂದ ಬಿಎಸ್-4 (ಹೊಗೆ ಮಾಲಿನ್ಯದ ನಿಯಮ) ಕಾರುಗಳಿಗೆ ಒಬಿಡಿ-2, ಅಂದರೆ ಗಾಡಿಯೇ ತನ್ನ ದೋಷ ಪತ್ತೆಹಚ್ಚಿ ಕೋಡ್ ಇಟ್ಟುಕೊಳ್ಳುವ ವ್ಯವಸ್ಥೆ, ಕಡ್ಡಾಯವಾಯಿತು. ಆಮೇಲೆ ಬಂದ ಅಂಥ ಕಾರಾದರೆ ಕೋಡ್ ಓದುವ ಪೋರ್ಟ್ ಇದ್ದೇ ಇರುತ್ತದೆ. ಡ್ರೈವರ್ ಸೀಟಿನ ಬಾಗಿಲು ತೆಗೆದು, ಕೆಳಗೆ ಕೂತು, ಫೋನಿನ ಟಾರ್ಚ್ ಹಾಕಿ ಸ್ಟೀರಿಂಗ್ ಕೆಳಗೆ ನೋಡಿ. ಒಂದು ಕಡೆ ಅಗಲ, ಇನ್ನೊಂದು ಕಡೆ ಕಿರಿದಾದ ಸಾಕೆಟ್, ಎರಡು ಸಾಲಿನಲ್ಲಿ 16 ಪಿನ್ ಜಾಗ. ಕಾಣಲಿಲ್ಲವೆಂದರೆ ಫ್ಯೂಸ್ ಬಾಕ್ಸ್ ಮುಚ್ಚಳದ ಹಿಂದೆ ನೋಡಿ. ನನ್ನದರಲ್ಲಿ ಕ್ಲಚ್ ಪೆಡಲ್ ಮೇಲ್ಗಡೆ ಇತ್ತು, ಕೈಯಾಡಿಸಿಯೇ ಸಿಕ್ಕಿತು.

ಬೆಂಗಳೂರಿನ ಎಸ್.ಪಿ. ರೋಡ್‌ನಲ್ಲಿ ಇಎಲ್‌ಎಂ327 ಬ್ಲೂಟೂತ್ ಅಡಾಪ್ಟರ್ ತಂದೆ. ಪೋರ್ಟಿನ ಮಾಹಿತಿಯನ್ನು ಫೋನಿಗೆ ಕಳಿಸುವ ಸಾಧನ ಇದು. ಐಫೋನ್ ಇದ್ದವರು ಅದಕ್ಕೆ ಹೊಂದುವಂಥದ್ದೇ ಕೇಳಿ ತನ್ನಿ. ಎಂಜಿನ್ ಆಫ್ ಮಾಡಿ ಅಡಾಪ್ಟರ್ ಸಿಕ್ಕಿಸಿ. ಒಂದೇ ದಿಕ್ಕಿನಲ್ಲಿ ಕೂರುತ್ತದೆ, ಬಲ ಹಾಕಬೇಡಿ. ಕೀ ತಿರುಗಿಸಿ ಇಗ್ನಿಷನ್ ಆನ್ ಮಾಡಿ, ಸ್ಟಾರ್ಟ್ ಬೇಡ. ಫೋನಿಗೆ ಒಂದು ಒಬಿಡಿ ಆ್ಯಪ್ ಹಾಕಿಕೊಂಡು ಕನೆಕ್ಟ್ ಮಾಡಿ, ಕೋಡ್ ಓದಲು ಹೇಳಿ.

ನನಗೆ ಬಂದದ್ದು ಪಿ0113. ಪಿ ಅಂದರೆ ಎಂಜಿನ್ ಮತ್ತು ಗೇರ್‌ಬಾಕ್ಸ್ ಕಡೆಯ ದೋಷ. ಅದರ ಮುಂದಿನ ಅಂಕಿ ಸೊನ್ನೆ ಇದ್ದರೆ ಎಲ್ಲ ಕಂಪನಿಗಳಿಗೂ ಒಂದೇ ಅರ್ಥ. ಒಂದು ಇದ್ದರೆ ಆ ಕಂಪನಿಯದೇ ಕೋಡ್, ಅರ್ಥವನ್ನು ಬೇರೆ ಕಾರಿನದು ನೋಡಿ ತಿಳಿಯಬೇಡಿ. ಪಿ0301 ಬಂದರೆ ಮೊದಲನೇ ಸಿಲಿಂಡರ್ ಮಿಸ್. ಪಿ0113 ಅಂದರೆ ಒಳಗೆ ಬರುವ ಗಾಳಿಯ ಬಿಸಿ ಅಳೆಯುವ ಸೆನ್ಸರಿನ ಸರ್ಕ್ಯೂಟ್‌ನಲ್ಲಿ ವೋಲ್ಟೇಜ್ ಜಾಸ್ತಿ.

ಗಮನಿಸಿ, ಕೋಡ್ ಹೇಳಿದ್ದು ಸರ್ಕ್ಯೂಟ್ ಅಂತ. ಸೆನ್ಸರ್ ಹೋಗಿದೆ ಅಂತ ಅಲ್ಲ. ಸೆನ್ಸರ್, ಅದರ ಸಾಕೆಟ್, ಅಲ್ಲಿಂದ ಕಂಪ್ಯೂಟರಿಗೆ ಹೋಗುವ ವೈರು, ಇದರಲ್ಲಿ ಯಾವುದಾದರೂ ಆಗಿರಬಹುದು. ಆ್ಯಪ್‌ನಲ್ಲಿ ಲೈವ್ ಡೇಟಾ, ಅಂದರೆ ಸೆನ್ಸರ್‌ಗಳು ಆ ಕ್ಷಣಕ್ಕೆ ತೋರಿಸುವ ಅಂಕಿಗಳನ್ನು ತೆಗೆದೆ. ಗಾಳಿಯ ಬಿಸಿ ಮೈನಸ್ 40 ಡಿಗ್ರಿ! ಬೆಂಗಳೂರಿನ ಏಪ್ರಿಲ್ ಮಧ್ಯಾಹ್ನ ಅದು. ವೈರು ಎಲ್ಲೋ ತುಂಡಾದಾಗ ಸಾಮಾನ್ಯವಾಗಿ ಬರುವ ಅಂಕಿ ಇದು. ಬಾನೆಟ್ ಎತ್ತಿ ಏರ್ ಫಿಲ್ಟರ್ ಪೈಪಿನ ಹತ್ತಿರ ನೋಡಿದರೆ ಎರಡು ವೈರುಗಳಲ್ಲಿ ಒಂದನ್ನು ಇಲಿ ಕಡಿದಿತ್ತು. ನಮ್ಮ ಬೇಸ್‌ಮೆಂಟ್ ಪಾರ್ಕಿಂಗ್‌ನಲ್ಲಿ ಇಲಿ ಕಾಟ ಮೊದಲಿಂದಲೂ ಇದೆ. ಆಟೋ ಎಲೆಕ್ಟ್ರಿಷಿಯನ್ ಒಬ್ಬರು ವೈರು ಬೆಸುಗೆ ಹಾಕಿ, ಮೇಲೆ ರಕ್ಷಣೆಗೆ ಸ್ಲೀವ್ ಹಾಕಿಕೊಟ್ಟರು. 250 ರೂಪಾಯಿ. ಹಳೇ ಸೆನ್ಸರೇ ಇಂದಿಗೂ ಇದೆ.

ದಯವಿಟ್ಟು ಕೋಡನ್ನು ಓದಿದ ತಕ್ಷಣ ಅಳಿಸಬೇಡಿ. ದೋಷ ಬಂದ ಗಳಿಗೆಯಲ್ಲಿ ಎಂಜಿನ್ ಬಿಸಿ, ವೇಗ ಎಷ್ಟಿತ್ತು ಅನ್ನುವ ಫ್ರೀಜ್ ಫ್ರೇಮ್ ಕೂಡ ಜೊತೆಗೇ ಹೋಗುತ್ತದೆ. ಮೆಕ್ಯಾನಿಕ್‌ಗೆ ಅದು ತುಂಬಾ ಉಪಯೋಗ. ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ, ರಿಪೇರಿ ಆದ ಮೇಲೆ ಅಳಿಸಿ. ಬೆಳಿಗ್ಗೆ ತಣ್ಣಗಿರುವ ಗಾಡಿಯಲ್ಲಿ ಲೈವ್ ಡೇಟಾ ಮತ್ತೆ ನೋಡಿ. ಗಾಳಿಯ ಬಿಸಿ, ಕೂಲಂಟ್ (ಎಂಜಿನ್ ತಂಪಾಗಿಸುವ ದ್ರವ) ಬಿಸಿ ಎರಡೂ ಹೊರಗಿನ ಹವೆಗೆ ಹತ್ತಿರ ಇರಬೇಕು. ನನ್ನದರಲ್ಲಿ 24, 25 ತೋರಿಸಿತು.

ಕೆಲಸ ಮುಗಿದ ಮೇಲೆ ಅಡಾಪ್ಟರ್ ತೆಗೆದಿಡಿ. ಕೀ ತೆಗೆದರೂ ಆ ಪೋರ್ಟಿಗೆ ಬ್ಯಾಟರಿ ಕರೆಂಟ್ ಬರುತ್ತಲೇ ಇರುತ್ತದೆ.